ಗೆದ್ದಲು ತಿಂದ ಪದ

ಮಕ್ಕಳೇ, ಕುರುಚಲು ಕಾಡಿನ ನಡುವೆ ಒಂದು ಕೊಳವಿತ್ತು. ಕೊಳದ ದಂಡೆಯಲ್ಲಿ ಒಂದು ಹೊಂಗೆಮರ. ಮರದ ಕೆಳಗೆ ಒಂದು ಶಾಲೆ. ಓದುವವರು ಹನ್ನೊಂದು ಮಂದಿ: ಕೌಜುಗದ ಮರಿಗಳು ನಾಲ್ಕು, ಮೊಲದ ಮರಿಗಳು ಮೂರು, ಅಳಿಲಿನವು ಎರಡು, ಮುಳ್ಳುಹಂದಿಯದು ಒಂದು, ಇಲಿಯದು ಒಂದು. ಕಲಿಸುವವರು ಒಬ್ಬರೇ. ಚಿಕ್ಕತಾಯಮ್ಮ ಟೀಚರ್ ಎಂಬ ಕೌಜುಗ. ಆ ನಾಲ್ಕು ಕೌಜುಗದ ಮರಿಗಳು ಅವರ ಸ್ವಂತ ಮಕ್ಕಳು. ಹಾಗಾಗಿ ಅವಕ್ಕೆ ಬೈಗುಳ ಎರಡು ಪಾಳಿಯಲ್ಲಿ ಸಿಗುತ್ತಿತ್ತು.

ಶಾಲೆಯ ಮುಖ್ಯಸ್ಥರು ಆಮೆ ಮೇಷ್ಟ್ರು. ಅರವತ್ತು ವರ್ಷ ಅದೇ ಕಲ್ಲಿನ ಮೇಲೆ ಕೂತು ಶಾಲೆ ನಡೆಸಿದರು. ಒಂದು ದಿನ ನಿವೃತ್ತರಾದರು. ತಾವರೆದಂಟಿನ ಹಾರ ಹಾಕಿಸಿಕೊಂಡು, ಎರಡು ಮಾತಾಡಿ, ನೀರಿಗಿಳಿದು ಹೋದರು.

ಮುಂದಿನ ಒಂದು ತಿಂಗಳು ಯಾರಿಗೂ ಏನೂ ವ್ಯತ್ಯಾಸ ಕಾಣಲಿಲ್ಲ. ಚಿಕ್ಕತಾಯಮ್ಮ ಟೀಚರ್ ಗಂಟೆ ಹೊಡೆದರು, ಹಾಜರಿ ಹಾಕಿದರು, ಮಾಡು ಸೋರಿದಲ್ಲಿ ಮುತ್ತುಗದ ಎಲೆ ಸಿಕ್ಕಿಸಿದರು, ಮಗ್ಗಿ ಹೇಳಿಸಿದರು. ಶಾಲೆಗೆ ಮುಖ್ಯಸ್ಥರಿಲ್ಲ ಎಂಬುದನ್ನು ಕಂಡುಹಿಡಿದದ್ದು ಬೆಟ್ಟದ ಮೇಲಿನ ಕಚೇರಿ.

ಕಚೇರಿಯ ಜವಾನ, ಕಾಗೆ ಪುಟ್ಟಸ್ವಾಮಿ, ಪತ್ರ ತಂದ.

"ಟೀಚರ್, ಅಮಾವಾಸ್ಯೆ ದಿನ ಬೆಳಿಗ್ಗೆ ಕಡವೆ ಸಾಹೇಬರು ತನಿಖೆಗೆ ಬರ್ತಾರೆ. ಅಷ್ಟರಲ್ಲಿ ಶಾಲೆಗೊಬ್ಬ ಮುಖ್ಯಸ್ಥರು ಇರಬೇಕು. ಇಲ್ಲದಿದ್ರೆ ಹಳ್ಳದಾಚೆಯ ಆಲದಮರದ ಶಾಲೆಗೆ ನಿಮ್ಮ ಶಾಲೆ ವಿಲೀನ."

"ವಿಲೀನ ಅಂದ್ರೆ?"

"ಸಕ್ಕರೆ ನೀರಲ್ಲಿ ಆಗುತ್ತಲ್ಲ, ಅದು."

ಚಿಕ್ಕತಾಯಮ್ಮ ಟೀಚರ್ ಹಳ್ಳದ ಕಡೆ ನೋಡಿದರು. ಹಳ್ಳದಾಚೆಗೆ ಇದ್ದದ್ದು ಒಂದೇ ದಾರಿ. ಆ ದಾರಿಯ ಪಕ್ಕದಲ್ಲಿ ಇದ್ದದ್ದು ಒಂದೇ ಮನೆ. ಅದು ಕಾಡುಬೆಕ್ಕು ಸೌಭಾಗ್ಯಕ್ಕನ ಮನೆ.

ಸೌಭಾಗ್ಯಕ್ಕ ಶಾಲಾ ಸಮಿತಿಯ ಸದಸ್ಯೆಯೂ ಹೌದು. ಸಮಿತಿಯ ಸಭೆಯಲ್ಲಿ ಸುದ್ದಿ ಕೇಳಿ ಅವಳಿಗೆ ಸಂತೋಷ ತಡೆಯಲಾಗಲಿಲ್ಲ.

"ವಿಲೀನ ಆಗಲಿ ಬಿಡಿ ಟೀಚರ್. ಮಕ್ಕಳು ದಿನಾ ಎರಡು ಸಲ ನಮ್ಮ ಬಾಗಿಲ ಮುಂದೆ ಓಡಾಡಿದ್ರೆ ಮನೆಗೇ ಒಂದು ಕಳೆ. ಸುಸ್ತಾದವರು ಒಳಗೆ ಬಂದು ಕೂತು ಹೋಗಲಿ."

ಒಳಗೆ ಬಂದು ಕೂತವರು ಹೇಗೆ ಹೋಗುತ್ತಾರೆ ಎಂದು ಸಮಿತಿಯಲ್ಲಿ ಯಾರೂ ಕೇಳಲಿಲ್ಲ. ಅವಳಿಗೆ ವಂದನೆ ಹೇಳಿ ಸಭೆ ಮುಗಿಯಿತು.

ಮುಖ್ಯಸ್ಥರಾಗಲು ಏನು ಅರ್ಹತೆ ಬೇಕು? ಅದನ್ನು ಹೇಳುವ ಹಳೆಯ ಆದೇಶ ಶಾಲೆಯಲ್ಲೇ ಇತ್ತು. ಒಂದು ತಾಳೆಗರಿ. ಟೀಚರ್ ಧೂಳು ಕೊಡವಿ ತೆಗೆದರು. ಅದರಲ್ಲಿ ಇದ್ದದ್ದು ಒಂದೇ ಸಾಲು:

"ಶಾಲೆಯ ಮುಖ್ಯಸ್ಥರ ತಲೆಯ ಮೇಲೆ . . . ಇರತಕ್ಕದ್ದು."

ನಡುವಿನ ಒಂದು ಪದವನ್ನು ಗೆದ್ದಲು ತಿಂದಿತ್ತು. ಅಕ್ಕಪಕ್ಕದ ಪದಗಳನ್ನು ಮುಟ್ಟಿರಲಿಲ್ಲ.

ಆಮೆ ಮೇಷ್ಟ್ರನ್ನೇ ಕೇಳೋಣವೆಂದು ಟೀಚರ್ ಕೊಳದ ಅಂಚಿಗೆ ಹೋದರು. "ಮೇಷ್ಟ್ರೇ, ಮುಖ್ಯಸ್ಥರ ತಲೆಯ ಮೇಲೆ ಏನಿರಬೇಕು?"

"ನಾನು ನಿವೃತ್ತ" ಎಂದು ಮೇಷ್ಟ್ರು ತಲೆಯನ್ನೇ ಒಳಗೆಳೆದುಕೊಂಡರು.

ಹಾಗಾಗಿ ಮತ್ತೆ ಸಭೆ ಸೇರಿತು. ತಾಳೆಗರಿ ಕೈಯಿಂದ ಕೈಗೆ ದಾಟಿತು. ಕೊನೆಗೆ ಅದನ್ನು ಹಿಡಿದವರು ನಾಗಭೂಷಣ ಮೇಷ್ಟ್ರು ಎಂಬ ನವಿಲು. ಅವರು ಆಗಲೇ ಮೂರು ಶಾಲೆಗಳ ಮುಖ್ಯಸ್ಥರು.

"ಇದರಲ್ಲಿ ಯೋಚನೆ ಮಾಡೋದೇನಿದೆ? ತಲೆಯ ಮೇಲೆ ಜುಟ್ಟು ಇರತಕ್ಕದ್ದು. ಸ್ಪಷ್ಟವಾಗಿದೆ" ಎಂದರು. ಅವರ ಜುಟ್ಟು ಗಾಳಿಗೆ ತೂಗಿತು.

"ಆಮೆ ಮೇಷ್ಟ್ರಿಗೆ ಜುಟ್ಟು ಇರಲಿಲ್ಲವಲ್ಲ ಸಾರ್?" ಎಂದರು ಟೀಚರ್.

"ಅದಕ್ಕೇ ಅರವತ್ತು ವರ್ಷವಾದರೂ ಅವರಿಗೆ ಬಡ್ತಿ ಸಿಗಲಿಲ್ಲ."

ಸಭೆ ಒಪ್ಪಿತು. ಚಿಕ್ಕತಾಯಮ್ಮ ಟೀಚರ್ ನೀರಿನಲ್ಲಿ ಇಣುಕಿ ನೋಡಿಕೊಂಡರು. ತಲೆ ನುಣ್ಣಗಿತ್ತು. ಇಪ್ಪತ್ತು ಮಳೆಗಾಲ ಪಾಠ ಮಾಡಿದ್ದರೂ ಇದೊಂದು ಕೊರತೆ ಅವರ ಗಮನಕ್ಕೆ ಬಂದಿರಲಿಲ್ಲ.

ಮೊದಲು ಚಂದ್ರಮುಕುಟ ಹಕ್ಕಿಯನ್ನು ಕರೆಸಿದರು. ಬೀಸಣಿಗೆಯಂಥ ಜುಟ್ಟು, ಬಿಚ್ಚಿ ಮಡಿಸಲು ಬರುವಂಥದ್ದು. ಅದು ಬಂದ ದಿನ ಜುಟ್ಟು ಬಿಚ್ಚಿತು. ಮರುದಿನ ಶಾಲೆ ನೋಡಿತು. ಮೂರನೆಯ ದಿನ "ಇಲ್ಲಿಯ ನೀರು ನನಗೆ ಒಗ್ಗಲ್ಲ" ಎಂದು ಬರೆದಿಟ್ಟು, ಜುಟ್ಟು ಮಡಿಸಿಕೊಂಡು ಹಾರಿಹೋಯಿತು.

ಆಮೇಲೆ ಉಳಿದದ್ದು ನಾಗಭೂಷಣ ಮೇಷ್ಟ್ರು. "ಮೂರು ಶಾಲೆ ನೋಡುವವನಿಗೆ ನಾಲ್ಕನೆಯದು ಭಾರವೇ?" ಎಂದು ಅವರೇ ಒಪ್ಪಿಕೊಂಡರು. ಸರದಿಯಂತೆ ನಾಲ್ಕು ದಿನಕ್ಕೊಮ್ಮೆ ಬರತೊಡಗಿದರು. ಅವರು ಬಂದ ಕೂಡಲೇ ಸ್ವಾಗತಗೀತೆ ಆಗಬೇಕು. ಅದನ್ನು ಉಳಿದ ಮೂರು ದಿನ ಅಭ್ಯಾಸ ಮಾಡಬೇಕು. ಮೊಲದ ಮರಿಗಳಿಗೆ ಗೀತೆ ಬಾಯಿಗೆ ಬಂತು, ಮಗ್ಗಿ ಬಾಯಿಂದ ಹೋಯಿತು.

"ನಾನಿಲ್ಲದಾಗ ನೀವು ಪ್ರಭಾರ" ಎಂದರು ಮೇಷ್ಟ್ರು.

"ಹಾಗಂದ್ರೆ ಏನು ಸಾರ್?"

"ನಾನಿದ್ದಾಗ ಏನೇನು ನನ್ನ ಕೆಲಸವೋ, ನಾನಿಲ್ಲದಾಗ ಅದೆಲ್ಲ ನಿಮ್ಮದು."

"ನೀವಿದ್ದಾಗ ನಿಮ್ಮ ಕೆಲಸ ಏನು ಸಾರ್?"

"ಸ್ವಾಗತ ಸ್ವೀಕರಿಸೋದು. ಅದನ್ನು ಬಿಟ್ಟು ಉಳಿದದ್ದು ಮಾಡಿ."

ಪ್ರಭಾರ ಎಂಬುದರಲ್ಲಿ 'ಭಾರ' ಯಾವುದು ಎಂದು ಟೀಚರಿಗೆ ಅರ್ಥವಾಯಿತು. 'ಪ್ರ' ಯಾತಕ್ಕೆಂದು ತಿಳಿಯಲಿಲ್ಲ.

ಅಮಾವಾಸ್ಯೆ ಬಂತು. ಮೇಷ್ಟ್ರು ತಪ್ಪಿಸಿಕೊಂಡರೆ ಶಾಲೆ ಮುಚ್ಚಿಹೋಗುತ್ತದೆಂದು ಮಕ್ಕಳಿಗೂ ಗೊತ್ತಿತ್ತು. ಅವು ಗರಿಕೆಯ ಒಂದು ಕಟ್ಟು ಮಾಡಿ ಟೀಚರ್ ತಲೆಗೆ ಬಿಗಿದವು.

"ಬಿಚ್ಚಬೇಡಿ ಮಿಸ್. ಯಾರೂ ಬರದಿದ್ರೆ ನಿಮ್ಮನ್ನೇ ತೋರಿಸ್ತೀವಿ" ಎಂದಿತು ಮುಳ್ಳುಹಂದಿ ಮರಿ.

ಟೀಚರಿಗೆ ತಮ್ಮ ನಾಲ್ಕು ಮರಿಗಳು ಸೌಭಾಗ್ಯಕ್ಕನ ಬಾಗಿಲ ಮುಂದೆ ಸಾಲಾಗಿ ನಡೆಯುವುದು ಕಣ್ಣಿಗೆ ಕಟ್ಟಿತು. ಬಿಚ್ಚಲಿಲ್ಲ. ಗರಿಕೆ ಹೆಜ್ಜೆಗೊಮ್ಮೆ ಕಣ್ಣ ಮೇಲೆ ಜಾರುತ್ತಿತ್ತು.

ಆದರೆ ಮೇಷ್ಟ್ರು ಅಂದು ಹೊತ್ತಿಗೆ ಮುಂಚೆಯೇ ಬಂದರು. ಸಾಹೇಬರು ಬರುವ ದಿನ ಅವರು ಎಂದೂ ತಡ ಮಾಡಿದವರಲ್ಲ. ಕಲ್ಲಿನ ಮೇಲೆ ಗರಿ ಬಿಚ್ಚಿ ನಿಂತರು. ಅಷ್ಟರಲ್ಲಿ ಕೊಂಬಿಲ್ಲದ, ಬೋಳುತಲೆಯ ಒಂದು ಕಡವೆ ಬೆವರುತ್ತ ಬೆಟ್ಟ ಇಳಿದು ಬಂತು.

"ಯಾರಯ್ಯಾ ನೀನು?" ಎಂದರು ಮೇಷ್ಟ್ರು.

"ಕಚೇರಿಯಿಂದ ಬಂದೆ."

"ಸಾಹೇಬರೆಲ್ಲಿ?"

"ದೂರ ಇಲ್ಲ."

"ಹಾಗಾದ್ರೆ ದಾರಿಗಡ್ಡ ನಿಲ್ಲಬೇಡ. ಆ ಮೂಲೆಗೆ ಹೋಗು. ಉದುರಿದ ನನ್ನ ಗರಿ ತುಳೀಬೇಡ."

ಕೊಂಬೆಯ ಮೇಲಿದ್ದ ಪುಟ್ಟಸ್ವಾಮಿಗೆ ಬಂದವರು ಯಾರೆಂದು ಗೊತ್ತಿತ್ತು. ಆದರೆ ಕೇಳದೆ ಹೇಳುವ ಅಭ್ಯಾಸ ಕಚೇರಿಯಲ್ಲಿ ಅವನಿಗೆ ಬೆಳೆದಿರಲಿಲ್ಲ.

ಟೀಚರ್ ಮಕ್ಕಳನ್ನು ಎಣಿಸಿದರು. ಹತ್ತು. ಗರಿಕೆ ಸರಿಸಿ ಮತ್ತೆ ಎಣಿಸಿದರು. ಹತ್ತೇ.

"ಸಣ್ಣಿ ಎಲ್ಲಿ?" ಸಣ್ಣಿ ಎಂದರೆ ಇಲಿಮರಿ, ಶಾಲೆಯಲ್ಲೆಲ್ಲ ಚಿಕ್ಕವಳು.

"ಸೌಭಾಗ್ಯತ್ತೆ ಕರ್ಕೊಂಡು ಹೋದ್ರು ಮಿಸ್" ಎಂದಿತು ಒಂದು ಮೊಲ. "ಹೊಸ ಶಾಲೆ ದಾರಿ ತೋರಿಸ್ತಾರಂತೆ. ಮೊದಲು ಚಿಕ್ಕವರು, ಆಮೇಲೆ ದಪ್ಪಗಿರೋರು ಅಂದ್ರು."

ಟೀಚರ್ ಕಲ್ಲಿನ ಹತ್ತಿರ ಓಡಿದರು. "ಸಾರ್, ಒಂದು ಮಗು ಕಾಡುಬೆಕ್ಕಿನ ಜೊತೆ ಹೋಗಿದೆ!"

"ಹತ್ತು ಇವೆಯಲ್ಲ. ಎಣಿಸೋಕೂ ಸುಲಭ. ಹಾಡು ಶುರು ಮಾಡಿಸಿ."

"ನಿಮ್ಮಷ್ಟು ದೊಡ್ಡವರು ಎದುರಾದ್ರೆ ಬೆಕ್ಕು ಹೆದರುತ್ತೆ. ಒಂದು ಸಲ ಬನ್ನಿ ಸಾರ್."

"ನಾನು ಅಲ್ಲಿಗೆ ಬಂದ್ರೆ, ಸಾಹೇಬರು ಇಲ್ಲಿ ಮುಖ್ಯಸ್ಥರೆಲ್ಲಿ ಅಂತಾರೆ. ಇವತ್ತು ಇಲ್ಲಿ ನಿಲ್ಲೋದೇ ನನ್ನ ಕೆಲಸ. ಮಗುವನ್ನು ತರೋದು ನಿಮ್ಮದು. ಪ್ರಭಾರ."

ಟೀಚರ್ ಮೇಷ್ಟ್ರನ್ನು ಬಿಟ್ಟು ತಿರುಗಿದರು. ಮೂಲೆಯಲ್ಲಿದ್ದ ಬೋಳುತಲೆಯ ಕಡವೆಯನ್ನು ನೋಡಿ, "ಅಣ್ಣಾ, ಈ ಹತ್ತು ಜನರನ್ನ ಎಣಿಸ್ತಾ ಇರಿ. ನಾನು ಬರೋ ತನಕ ಹತ್ತೇ ಇರಬೇಕು" ಎಂದು ಹಳ್ಳದ ಕಡೆ ಓಡಿದರು.

ಸೌಭಾಗ್ಯಕ್ಕನ ಮನೆಯ ಹೊಸ್ತಿಲಲ್ಲಿ ಸಣ್ಣಿ ಕೈಕಟ್ಟಿ ನಿಂತು ಎರಡರ ಮಗ್ಗಿ ಹೇಳುತ್ತಿದ್ದಳು.

"ಎಷ್ಟು ಚೆನ್ನಾಗಿ ಹೇಳ್ತೀಯೇ ಪುಟ್ಟಿ! ನನಗೆ ಕಿವಿ ಮಂದ. ಇನ್ನೂ ಸ್ವಲ್ಪ ಹತ್ತಿರ ಬಂದು ಹೇಳು."

ಟೀಚರ್ ಪೊದೆಯ ಮರೆಯಲ್ಲಿ ನಿಂತು ನೋಡಿದರು. ಬೆಕ್ಕಿನ ಮುಂದೆ ತಾವು ಒಂದು ಹಿಡಿ. ಗರಿಕೆ ಮತ್ತೆ ಕಣ್ಣಿಗೆ ಜಾರಿತು. ಅದನ್ನು ಕಿತ್ತು ಎಸೆದರು. ಎಡರೆಕ್ಕೆಯನ್ನು ಇಳಿಬಿಟ್ಟು, ನೆಲಕ್ಕೆ ಎಳೆದುಕೊಂಡು, ಕುಂಟುತ್ತ, ನರಳುತ್ತ ಬಯಲಿಗೆ ಬಂದರು. ಮೊಟ್ಟೆಮರಿ ಉಳಿಸಿಕೊಳ್ಳಲು ಕೌಜುಗದ ತಾಯಂದಿರೆಲ್ಲ ಕಲಿಯುವ ನಾಟಕ ಅದು. ಯಾವ ಶಾಲೆಯಲ್ಲೂ ಕಲಿಸುವುದಿಲ್ಲ.

ಸೌಭಾಗ್ಯಕ್ಕ ತಿರುಗಿ ನೋಡಿದಳು. ಇಲಿ ಒಂದು ತುತ್ತು. ಕೌಜುಗ ಒಂದು ಊಟ.

"ಅಯ್ಯೋ ಟೀಚರ್! ರೆಕ್ಕೆಗೆ ಏನಾಯ್ತು?"

"ಮುರೀತು ಅನ್ಸುತ್ತೆ ಸೌಭಾಗ್ಯಕ್ಕ. ಹಾರೋಕಾಗ್ತಿಲ್ಲ."

"ಛೆ ಛೆ. ಅಲ್ಲೇ ನಿಲ್ಲಿ. ನಾನು ನೋಡ್ತೀನಿ."

"ನಿಂತ್ರೆ ನೋವು ಜಾಸ್ತಿ ಅಕ್ಕಾ" ಎನ್ನುತ್ತ ಟೀಚರ್ ನಾಲ್ಕು ಹೆಜ್ಜೆ ಕುಂಟಿದರು. ಬೆಕ್ಕು ಐದು ಹೆಜ್ಜೆ ಇಟ್ಟಿತು. ಹೀಗೆ ಒಬ್ಬರು ನರಳುತ್ತ, ಒಬ್ಬರು ಮರುಗುತ್ತ ಕಾರೆಮುಳ್ಳಿನ ಪೊದೆಯವರೆಗೂ ಹೋದರು. ಅಲ್ಲಿ ಸೌಭಾಗ್ಯಕ್ಕನ ಮರುಕ ಮೇರೆ ಮೀರಿತು. ಒಂದೇ ನೆಗೆತ ನೆಗೆದಳು. ಮುರಿದ ರೆಕ್ಕೆ ಬರ್ರೆಂದು ಹಾರಿತು. ಬೆಕ್ಕಿನ ಮೂತಿ ಮುಳ್ಳಿನೊಳಗೆ ಹೋಯಿತು. ಹೋದಷ್ಟು ಬೇಗ ಹೊರಗೆ ಬರಲಿಲ್ಲ.

ಟೀಚರ್ ಸಣ್ಣಿಯ ಬಳಿ ಇಳಿದರು. "ನಡಿ."

"ಮಿಸ್, ನಾನು ಮಗ್ಗಿ ಪೂರ್ತಿ ಹೇಳಿದೆ."

"ಎಲ್ಲಿಯವರೆಗೆ?"

"ಎರಡೇಳ್ಲಿ ಹದಿನಾಲ್ಕು."

"ಪೂರ್ತಿ ಅಂದ್ರೆ ಇಪ್ಪತ್ತು. ಉಳಿದದ್ದು ಓಡ್ತಾ ಹೇಳು."

ಶಾಲೆಗೆ ಬಂದಾಗ ಕಡವೆ ಇನ್ನೂ ಎಣಿಸುತ್ತಿತ್ತು. "ಹತ್ತು ಇವೆಯಮ್ಮ. ಅಳಿಲುಗಳು ಒಂದು ಕಡೆ ನಿಲ್ಲಲ್ಲ, ಅದಕ್ಕೇ ಹದಿನೇಳು ಸಲ ಎಣಿಸಿದೆ. ಈಗ ಹನ್ನೊಂದು."

"ದೊಡ್ಡ ಉಪಕಾರ ಆಯ್ತು ಅಣ್ಣಾ."

ಆಗ ಪುಟ್ಟಸ್ವಾಮಿ ಕೊಂಬೆಯಿಂದ ಕೂಗಿದ. "ಸಾಹೇಬ್ರೇ, ಬಿಸಿಲೇರ್ತಾ ಇದೆ. ತನಿಖೆ ಶುರು ಮಾಡೋಣವಾ?"

ನಾಗಭೂಷಣ ಮೇಷ್ಟ್ರ ಗರಿ ಸರ್ರನೆ ಮುಚ್ಚಿಕೊಂಡಿತು. "ತಾವಾ ಸಾರ್? ತಮ್ಮ... ಕೊಂಬು?"

"ಉದುರಿತು. ವರ್ಷಕ್ಕೊಮ್ಮೆ ಉದುರುತ್ತೆ. ಕೆಲಸ ಮಾತ್ರ ಉದುರಲ್ಲ" ಎಂದರು ಕಡವೆ ಸಾಹೇಬರು. "ಈ ಶಾಲೆಯ ಮುಖ್ಯಸ್ಥರು ಯಾರು?"

"ನಾನೇ ಸಾರ್."

"ಮಗು ಕಾಣೆಯಾಗಿತ್ತಲ್ಲ?"

"ಅದು ಪ್ರಭಾರದವರು ಸಾರ್."

"ಮಾಡು ಸೋರ್ತಾ ಇದೆ."

"ಅದೂ ಅವರೇ."

"ಹಾಜರಿ? ಗಂಟೆ? ಪಾಠ?"

"ಅವರೇ ಸಾರ್. ಅವರೇ. ಅವರೇ."

"ನಿಮ್ಮದೇನು?"

"ಜುಟ್ಟು ಸಾರ್. ಆದೇಶದಲ್ಲೇ ಇದೆ" ಎಂದು ಮೇಷ್ಟ್ರು ತಾಳೆಗರಿ ಮುಂದಿಟ್ಟರು.

ಸಾಹೇಬರು ತೂತನ್ನು ನೋಡಿದರು. ತೂತಿನಿಂದ ಮೇಷ್ಟ್ರನ್ನೂ ನೋಡಿದರು.

"ಕಚೇರಿಯ ಪ್ರತಿಯನ್ನು ಬಂಡೆಯ ಮೇಲೆ ಕೆತ್ತಿದೆ. ಗೆದ್ದಲಿಗೆ ಅದು ರುಚಿಸಲ್ಲ. ಅದರಲ್ಲಿರೋದು ಹೀಗೆ: ಶಾಲೆಯ ಮುಖ್ಯಸ್ಥರ ತಲೆಯ ಮೇಲೆ ಹೊಣೆ ಇರತಕ್ಕದ್ದು."

ಕೊಳದಲ್ಲಿ ಆಮೆ ಮೇಷ್ಟ್ರ ತಲೆ ಒಮ್ಮೆ ಹೊರಬಂದು, ಹೌದೆಂದು ಅಲ್ಲಾಡಿ, ಒಳಗೆ ಹೋಯಿತು.

"ಅದು ಯಾರ ತಲೆಯ ಮೇಲಿದೆ ಅಂತ ನೀವೇ ಐದು ಸಲ ಹೇಳಿದ್ರಿ ಮೇಷ್ಟ್ರೇ. ಬರೆದುಕೋ ಪುಟ್ಟಸ್ವಾಮಿ. ಮುಖ್ಯಸ್ಥರು ಚಿಕ್ಕತಾಯಮ್ಮ. ವಿಲೀನ ಇಲ್ಲ."

ಮಕ್ಕಳು ಕುಣಿದವು. ಟೀಚರ್ ಕಣ್ಣೊರೆಸಿಕೊಂಡು ಕೇಳಿದರು, "ಸಾರ್, ಪಾಠಕ್ಕೆ ಇನ್ನೊಬ್ಬರನ್ನು ಕೊಡ್ತೀರಾ?"

"ಕೊಡಬೇಕು ಅಂತ ಒಂದು ಆದೇಶ ಇತ್ತಮ್ಮ" ಎಂದು ಸಾಹೇಬರು ನಿಟ್ಟುಸಿರು ಬಿಟ್ಟರು. "ಅದನ್ನು ಬಂಡೆಯ ಮೇಲೆ ಕೆತ್ತಿರಲಿಲ್ಲ."

ಮರುದಿನದಿಂದ ಶಾಲೆಯಲ್ಲಿ ಸ್ವಾಗತಗೀತೆ ನಿಂತಿತು. ಅದರ ಬದಲು ಮಕ್ಕಳು ಆ ಸಾಲನ್ನು ಹೇಳಬೇಕು. ತಾಳೆಗರಿ ಹೋದರೂ ಸಾಲು ಉಳಿಯಲಿ ಎಂಬುದು ಟೀಚರ್ ಲೆಕ್ಕ. ಪದಗಳು ಆರು, ಮಕ್ಕಳು ಹನ್ನೊಂದು. ಐದು ಪದಕ್ಕೆ ಇಬ್ಬಿಬ್ಬರಾದರು. 'ಹೊಣೆ'ಗೆ ಸಣ್ಣಿ ಒಬ್ಬಳೇ.

"ನನಗೆ ಮಾತ್ರ ಯಾಕೆ ಜೊತೆ ಇಲ್ಲ ಮಿಸ್?"

"ಆ ಪದವನ್ನು ಇಬ್ಬರಿಗೆ ಕೊಟ್ಟರೆ, ಅವಳು ಹೇಳಲಿ ಅಂತ ಇವಳು ಸುಮ್ಮನಿರ್ತಾಳೆ, ಇವಳು ಹೇಳಲಿ ಅಂತ ಅವಳು."

ಆ ವರ್ಷ ಸಣ್ಣಿ ಒಂದು ದಿನವೂ ಶಾಲೆ ತಪ್ಪಿಸಲಿಲ್ಲ.

ನೀತಿ: ಮುಖ್ಯಸ್ಥರು ಯಾರೆಂದು ತಿಳಿಯಲು ತಲೆಯ ಮೇಲೆ ಏನು ಕಾಣುತ್ತದೆ ಎಂದು ನೋಡಬೇಡಿ, ಕೆಲಸ ಕೆಟ್ಟಾಗ ಎಲ್ಲರೂ ಯಾರ ಹೆಸರು ಹೇಳುತ್ತಾರೆ ಎಂದು ಕೇಳಿಸಿಕೊಳ್ಳಿ.