ಪಟ್ಟಿಯಲ್ಲಿ ಹೆಸರಿದೆ, ಬನ್ನಿ

ಫಕೀರವ್ವ ಆಶ್ರಮದ ಕಟ್ಟೆಯ ಮೇಲೆ ಕೂತವಳು ಏಳಲೇ ಇಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಂದು ಆಶ್ರಮದಲ್ಲಿ ಕಣ್ಣಿನ ಪೊರೆ ತೆಗೆಯುವ ಶಿಬಿರ.

"ಹೆಸರೈತಿ, ಬಾ ಅಂದವರು ನೀವು. ಹೊಳಿ ದಾಟಿ ಬಂದೇನಿ. ಈಗ ಇಲ್ಲ ಅಂದ್ರ ಹೆಂಗ?"

ಅವಳ ಮೊಮ್ಮಗಳು ಆಶ್ರಮದ ವೆಬ್‌ಸೈಟಿನಲ್ಲಿ ಅಜ್ಜಿಯ ಹೆಸರು ಹಾಕಿ ನೋಡಿದ್ದಳು. "ಪಟ್ಟಿಯಲ್ಲಿ ಹೆಸರಿದೆ, ಬನ್ನಿ" ಎಂದು ಬಂದಿತ್ತು. ಕಣ್ಣಿನ ಡಾಕ್ಟರ ಕೈಯಲ್ಲಿದ್ದ ಹತ್ತು ಜನರ ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ. ಮುಂದಿನ ಶಿಬಿರ ಬರುವ ವರ್ಷ.

ಗುರು ನಿರ್ವಾಣಜ್ಜ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಅವರ ಕಣ್ಣಿಗೂ ಪೊರೆ ಬಂದು ಮಂಜಾಗಿತ್ತು. ಅಂದಿನ ಪಟ್ಟಿಯಲ್ಲಿ ಕೊನೆಯ ಹೆಸರು ಅವರದೇ.

ವೆಬ್‌ಸೈಟ್ ಮಾಡಿದ ಶಿಷ್ಯ ಸಂಗಯ್ಯನನ್ನು ಕರೆದರು.

"ಏನು ಮಾಡಿಟ್ಟೀಯೋ?"

"ತಪ್ಪು ನಂದಲ್ರಿ ಅಜ್ಜಾರ. ಡೇಟಾಬೇಸ್‌ನ್ಯಾಗ ಹೆಸರು ಹುಡುಕಾಕ ಕ್ಲಾಸ್ ಅಂತ ಒಂದು ತಯಾರ ಕೋಡ್ ಬ್ಯಾರೆಯವರು ಮೊದಲ ಮಾಡಿಟ್ಟಿರತಾರ. ಅದಕ್ಕ ಹೆಸರು ಕೊಟ್ಟು ಕೇಳಿದ್ರ ಒಂದು ಆಬ್ಜೆಕ್ಟ್, ಉತ್ತರ ಇಟ್ಟ ಡಬ್ಬಿ ಇದ್ದಂಗ, ವಾಪಸ್ ಕೊಡತೈತಿ. ಆಬ್ಜೆಕ್ಟ್ ಬಂದ್ರ 'ಹೆಸರಿದೆ' ಅಂತ ತೋರಿಸು ಅಂತ ಬರದೇನಿ."

"ಹೆಸರು ಸಿಗಲಿಲ್ಲಂದ್ರ?"

"ಆವಾಗೂ ಆಬ್ಜೆಕ್ಟ್ ಬರತೈತಿ ಅಂತ ಈಗ ಗೊತ್ತಾತ್ರಿ. ಒಳಗ ಏನೂ ಇರೂದಿಲ್ಲ, ಅಷ್ಟ."

"ನೀ ಒಳಗ ನೋಡಲಿಲ್ಲ."

"ಇಲ್ರಿ. ಕ್ಲಾಸ್ ಮಾಡಿದವರು ಹಂಗ್ಯಾಕ ಮಾಡ್ಯಾರೋ, ಅವರನ್ನ ಕೇಳಬೇಕು."

ಅಲ್ಲೇ ನಿಂತು ಕೇಳಿದ ಈ ಮಾತು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಕಣ್ಣು ಕಾಣದ ಮುದುಕಿ ಎದುರಿಗೇ ಕೂತಿದ್ದಾಳೆ, ಇವನು ಎಲ್ಲೋ ಇರುವವರ ತಲೆಗೆ ಕಟ್ಟುತ್ತಿದ್ದಾನೆ!

ಊಟದ ಹೊತ್ತಿಗೆ ಎಲ್ಲರ ತಾಟಿಗೂ ರೊಟ್ಟಿ ಬಂತು. ಸಂಗಯ್ಯನ ಮುಂದೆ ಮಾತ್ರ ಅಜ್ಜ ತಾವೇ ಒಂದು ಮುಚ್ಚಿದ ಡಬ್ಬಿ ಇಟ್ಟರು.

ಸಂಗಯ್ಯ ಮುಚ್ಚಳ ತೆರೆದ.

"ಅಜ್ಜಾರ, ಇದು ಖಾಲಿ ಐತ್ರಿ."

"ಡಬ್ಬಿ ಬಂತಿಲ್ಲೋ? ಊಟ ಆತು ಅಂತ ಬರಕೋ."

ಸಂಗಯ್ಯನಿಗೆ ಸಿಟ್ಟು ಬಂತು. "ನನಗ ಹಸಿವಾಗೇತ್ರಿ. ಇದೆಂಥ ಅನ್ಯಾಯ?" ಎಂದ. ಅಂದವನೇ ಕಟ್ಟೆಯ ಕಡೆ ನೋಡಿ ತಲೆ ತಗ್ಗಿಸಿದ.

ಅಷ್ಟರಲ್ಲಿ ಡಾಕ್ಟರು ಕೊನೆಯ ಹೆಸರು ಕೂಗಿದರು.

ಅಜ್ಜ ತಡವರಿಸುತ್ತ ಕಟ್ಟೆಗೆ ಹೋಗಿ ಫಕೀರವ್ವನ ಕೈ ಹಿಡಿದು ಎಬ್ಬಿಸಿದರು. "ನನ್ನ ಪಾಳಿ ಈಕೀಗೆ" ಎಂದರು. ಡಾಕ್ಟರು ಅವಳ ಕಣ್ಣು ಪರೀಕ್ಷಿಸಿ ಒಳಗೆ ಕರೆದುಕೊಂಡು ಹೋದರು.

ಸಂಗಯ್ಯ ಓಡಿ ಬಂದ. "ಅಜ್ಜಾರ, ನಿಮ್ಮ ಕಣ್ಣು? ನಂದ ತಪ್ಪು. ಈಗ ತಿದ್ದತೀನ್ರಿ."

ಅಜ್ಜ ಡಬ್ಬಿಯ ಮುಚ್ಚಳ ಹಾಕಿ ಅವನ ಕೈಗಿಟ್ಟರು.

"ಇನ್ನೊಂದು ವರ್ಷ ನನಗ ಕಾಣೂದಿಲ್ಲ. ಒಳಗ ಏನೈತಿ ಅಂತ ನೀನ ನೋಡಿ ಹೇಳು."