ಅರ್ಧ ಓಣಿ

“ಗುರುಗಳೇ, ನಮ್ಮ ಕೇರಿಯ ಕಸ ತೆಗೆಯಲು ನಾನೊಂದು ಗುಂಪು ಕಟ್ಟಿದೆ. ತಿಂಗಳು ಕಳೆಯುವುದರೊಳಗೆ ಎಲ್ಲರೂ ಬಿಟ್ಟುಹೋದರು. ಈಗ ನಾನೊಬ್ಬನೇ ಗುಡಿಸುತ್ತಿದ್ದೇನೆ. ಕೂಡಿ ಮಾಡುವ ಕೆಲಸಕ್ಕೆ ಜನ ಯಾಕೆ ನಿಲ್ಲುವುದಿಲ್ಲ?” ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಓಣಿ ಇಳಿಜಾರಿನದು; ಅವನ ಮನೆ ಕೆಳತುದಿಯಲ್ಲಿತ್ತು. ಓಣಿಯವರೆಲ್ಲ ಕಸವನ್ನು ತಮ್ಮ ತಮ್ಮ ಬಾಗಿಲ ಮುಂದೆಯೇ ಸುರಿಯುತ್ತಿದ್ದರು. ಎಂಜಲೆಲೆ, ಬೂದಿ, ಮಡಕೆಯ ಚೂರು, ಚಿಂದಿ. ಒಂದು ಮಳೆಗಾಲ ಅದೆಲ್ಲ ಚರಂಡಿಯಲ್ಲಿ ಸಿಕ್ಕಿಕೊಂಡು ನೀರು ಮನೆಗಳಿಗೆ ನುಗ್ಗಿತು. ನೇಕಾರ ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯಲ್ಲಿ ನೀರು ತುಂಬಿತು. ಮಗಳ ಮದುವೆಗೆಂದು ನೇಯುತ್ತಿದ್ದ ಸೀರೆ ಅರ್ಧದಲ್ಲೇ ಕೊಳಚೆಯ ಪಾಲಾಯಿತು. ಅವನು ಯಾರನ್ನೂ ಬಯ್ಯಲಿಲ್ಲ. ಮಳೆ ನಿಂತ ಮೇಲೆ ಮನೆಮನೆಗೆ ಹೋಗಿ, ದಿನವೂ ಬೆಳಗ್ಗೆ ಸ್ವಲ್ಪ ಹೊತ್ತು ಎಲ್ಲರೂ ಕೂಡಿ ಓಣಿ ಗುಡಿಸೋಣ ಎಂದು ಕೇಳಿಕೊಂಡ.

ಮೊದಲ ದಿನ ಏಳು ಜನ ಬಂದರು. ಬುಟ್ಟಿ ಹೆಣೆಯುವ ಹೆಂಗಸೊಬ್ಬಳು ಕಸ ತುಂಬಲು ತಾನೇ ಹೆಣೆದ ದೊಡ್ಡ ಬುಟ್ಟಿ ತಂದಳು. ಕುಂಬಾರ ಚರಂಡಿಗೆ ಇಳಿದ. ನೇಕಾರನದು ಒಂದೆಳೆ ತಪ್ಪಿದರೂ ಹಿಡಿಯುವ ಕಣ್ಣು. ಹೆಂಗಸು ಗುಡಿಸಿದ ಕಡೆ ಅವನು ಮತ್ತೊಮ್ಮೆ ಗುಡಿಸಿದ. ಕುಂಬಾರ ಮೇಲೆ ಬಂದ ಮೇಲೆ ತಾನು ಇಳಿದು, ತಳದಲ್ಲಿ ಉಳಿದಿದ್ದ ಹೂಳೆತ್ತಿದ. ಒಂದು ಕಟುಮಾತನ್ನೂ ಆಡಲಿಲ್ಲ. ಮರುದಿನ ಐದು ಜನ ಬಂದರು. ವಾರ ಕಳೆಯುವ ಹೊತ್ತಿಗೆ ಅವನೊಬ್ಬನೇ ಉಳಿದ.

ಒಬ್ಬನೇ ಆದರೂ ಬಿಡಲಿಲ್ಲ. ಓಣಿ ಕನ್ನಡಿಯಂತಾಯಿತು. ಜನ ಹೊಗಳಿದರು, ಹೊಗಳುತ್ತಲೇ ಕಸ ಸುರಿದರು. ನೇಕಾರ ಇದ್ದಾನಲ್ಲ ಎಂದರು. ಅವನ ಮನಸ್ಸಿನಲ್ಲಿ ಅವರ ಮೇಲೆ ತಾತ್ಸಾರ ಬೆಳೆಯಿತು. ಆ ತಾತ್ಸಾರ ಅವನಿಗೆ ಹಿತವಾಗಿಯೂ ಇತ್ತು.

ಮಾಗಿಯ ಒಂದು ಬೆಳಗ್ಗೆ ಓಣಿಯ ತುಂಬ ಮಂಜು ಕವಿದಿತ್ತು. ಮನೆಗಳು ಕಾಣುತ್ತಿರಲಿಲ್ಲ. ತನ್ನ ಪಾದವೂ ತನಗೆ ಕಾಣುತ್ತಿರಲಿಲ್ಲ. ನೇಕಾರ ಗುಡಿಸುತ್ತಿದ್ದ ಹಾಗೆ, ಮುಂದೆಲ್ಲೋ ಇನ್ನೊಂದು ಪೊರಕೆಯ ಸದ್ದು ಕೇಳಿಸಿತು. ಹಿಂದೆ ಮತ್ತೊಂದು. ಎಡಕ್ಕೆ, ಬಲಕ್ಕೆ. ಓಣಿಗೆ ಓಣಿಯೇ ಎದ್ದು ಬಂದು ಆ ಬಿಳುಪಿನೊಳಗೆ ಮೆಲ್ಲಗೆ ಗುಡಿಸುತ್ತಿರುವಂತಿತ್ತು. ಅವನ ಎದೆ ಹಗುರಾಯಿತು. ನೆಲದ ಮೇಲೆ ನಿಂತಿದ್ದೇನೆಂಬುದೇ ಮರೆಯಿತು. ಎಷ್ಟು ದೂರ ಹಾಗೆ ಗುಡಿಸುತ್ತ ಹೋದನೋ ಅವನಿಗೇ ತಿಳಿಯದು. ಕೊನೆಗೆ, ಯಾರು ಯಾರು ಬಂದಿದ್ದಾರೆ ನೋಡೋಣವೆಂದು ಕೈ ನಿಲ್ಲಿಸಿದ. ಎಲ್ಲ ಸದ್ದೂ ನಿಂತಿತು. ಮತ್ತೆ ಗುಡಿಸಿದ, ಮತ್ತೆ ಕೇಳಿಸಿತು. ಅದು ಗೋಡೆಗಳಿಗೆ ಬಡಿದು ಮರಳುತ್ತಿದ್ದ ಅವನದೇ ಪೊರಕೆಯ ಸದ್ದು.

ಅವನು ಹತ್ತಿರದ ಜಗಲಿಯ ಮೇಲೆ ಕುಳಿತುಬಿಟ್ಟ. ಆ ಸಂತೋಷ ತನಗೆ ಎಷ್ಟು ಬೇಕಾಗಿತ್ತೆಂದು, ಅದು ಹೋದ ಮೇಲೆ ತಿಳಿಯಿತು. ಮಂಜು ತಿಳಿಯಾಗುವವರೆಗೂ ಏಳಲಿಲ್ಲ. ಅದು ಬುಟ್ಟಿ ಹೆಣೆಯುವವಳ ಜಗಲಿ. ಅವಳು ಬಾಗಿಲು ತೆರೆದು ಅವನನ್ನು ಕಂಡಳು.

“ನೀನು ಬರುವುದನ್ನು ಯಾಕೆ ಬಿಟ್ಟೆ, ತಂಗಿ?” ಎಂದ ನೇಕಾರ.

“ನಾನು ಗುಡಿಸಿದ್ದನ್ನು ನೀವು ಮತ್ತೆ ಗುಡಿಸಿದಿರಿ, ಅಣ್ಣ. ನನ್ನ ಕೈ ಬೇಕಾಗಿಲ್ಲ ಅಂದುಕೊಂಡೆ” ಎಂದಳು ಅವಳು.

ಮರುದಿನ ನೇಕಾರ ಓಣಿಯ ನಡುವಿದ್ದ ಅವಳ ಜಗಲಿಯವರೆಗೆ ಮಾತ್ರ ಗುಡಿಸಿದ. ಮೇಲಿನ ಅರ್ಧ ನಿಮ್ಮೆಲ್ಲರದು ಎಂದು ಅವಳಿಗೆ ಹೇಳಿ, ಪೊರಕೆಯನ್ನು ಅಲ್ಲಿ ಒರಗಿಸಿ ಮನೆಗೆ ಹೋದ. ಅದಕ್ಕಿಂತ ಕಷ್ಟದ ಕೆಲಸವನ್ನು ಅವನು ಆವರೆಗೆ ಮಾಡಿರಲಿಲ್ಲ. ಮಗ್ಗದ ಮುಂದೆ ಕುಳಿತರೂ ಕಣ್ಣು ಓಣಿಯಲ್ಲಿತ್ತು. ಎರಡು ದಿನ ಕಸ ಹಾಗೆಯೇ ಬಿದ್ದಿತ್ತು. ಮೂರನೆಯ ದಿನ ಅವಳು ಪೊರಕೆ ಹಿಡಿದಳು. ಮೂಲೆಗಳಲ್ಲಿ ಎಲೆಗಳು ಉಳಿದವು. ಅದು ಕಾಣುತ್ತಿದ್ದರೂ ನೇಕಾರ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕುಳಿತ. ಕೆಲವು ದಿನಗಳ ಮೇಲೆ ಕುಂಬಾರ ಬಂದ. ಕುಂಬಾರನೊಡನೆ ಮಾತಾಡಲು ಬಂದವರು ಬರಿಗೈಯಲ್ಲಿ ನಿಲ್ಲಲು ನಾಚಿ ತಾವೂ ಬಾಗಿದರು. ಮುಂದಿನ ಮಳೆಗಾಲದಲ್ಲಿ ನೀರು ಯಾರ ಮನೆಯನ್ನೂ ಹೊಗದೆ ಹರಿದು ಹೊಳೆ ಸೇರಿತು. ಚರಂಡಿಯ ಹೂಳನ್ನು ಎಲ್ಲಿ ಯಾರು ಎತ್ತಿದ್ದರೋ ನೇಕಾರನಿಗೆ ಗೊತ್ತಾಗಲಿಲ್ಲ.

ಗುರು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು. ಚೆನ್ನವೀರ ತಡೆಯಲಾರದೆ ಕೇಳಿದ: “ಹಾಗಾದರೆ ಓಣಿ ಮೊದಲಿನಷ್ಟೇ ಚೊಕ್ಕಟವಾಯಿತೇ?”

“ಇಲ್ಲ, ಅಷ್ಟು ಚೊಕ್ಕಟ ಮತ್ತೆಂದೂ ಆಗಲಿಲ್ಲ, ಆದರೆ ನೇಕಾರ ತೀರಿಕೊಂಡ ಮರುದಿನ ಬೆಳಗ್ಗೆಯೂ ಯಾರೋ ಓಣಿ ಗುಡಿಸಿದ್ದರು.”