ತಕರಾರು ವಾಪಸ್

ಗುಂಡಿಯ ನೀರು ಬತ್ತುತ್ತಿತ್ತು. ಮರಿಗಳನ್ನು ಕಾಲುವೆಯ ಮೂಲಕ ಕೆರೆಗೆ ಸಾಗಿಸಲು ಹೊರಟ ಕಪ್ಪೆಗೆ ಏಡಿ ಅಡ್ಡ ನಿಂತಿತು.

"ಕಾಲುವೆಯ ಬಾಯಲ್ಲಿ ನನ್ನ ಬಿಲವಿದೆ. ನನ್ನ ತಕರಾರಿದೆ."

"ಮರಿಗಳು ಈಜಿಕೊಂಡು ಹೋದರೆ ನಿನಗೇನು ನಷ್ಟ, ಏಡಿಯಣ್ಣ?"

"ನಷ್ಟವೇನೂ ಇಲ್ಲ. ಹಕ್ಕು ಇದೆ."

ವಿಚಾರಣೆ ಮುಗಿಯುವವರೆಗೆ ಯಾರೂ ದಾಟಕೂಡದೆಂದು ನ್ಯಾಯಾಧೀಶ ಆಮೆ ಆಜ್ಞೆ ಮಾಡಿತು. ಏಡಿ ಒಮ್ಮೆ ಕಾಲುನೋವೆಂದು ವಾಯಿದೆ ಕೇಳಿತು, ಇನ್ನೊಮ್ಮೆ ಸಾಕ್ಷಿ ಊರಲ್ಲಿಲ್ಲವೆಂದಿತು. ಕಪ್ಪೆ ಗುಂಡಿಗೂ ಕಟಕಟೆಗೂ ಕುಪ್ಪಳಿಸಿ ಕುಪ್ಪಳಿಸಿ ಸೋತಿತು.

"ಸ್ವಾಮಿ, ನೀರು ಬೊಗಸೆಯಷ್ಟಿದೆ!"

"ಸರದಿ ಬರಲಿ," ಎಂದಿತು ಆಮೆ.

ಮೂರನೆಯ ವಾಯಿದೆಗೆ ಏಡಿ ತಾನಾಗಿಯೇ ಬಂದು ಕೈಮುಗಿಯಿತು. "ತಕರಾರು ವಾಪಸ್ ಪಡೆದೆ, ಸ್ವಾಮಿ. ದಾರಿ ಬಿಟ್ಟಿದ್ದೇನೆ."

ಆ ಹೊತ್ತಿಗೆ ಗುಂಡಿಯ ಕೆಸರಿನಲ್ಲಿ ಮರಿಗಳೆಲ್ಲ ಒಣಗಿಹೋಗಿದ್ದವು.

ಆಮೆ ಸಂತೋಷದಿಂದ "ರಾಜಿಯಲ್ಲಿ ಮುಕ್ತಾಯ" ಎಂದು ಬರೆದು, ಕಾಗದವನ್ನು ಕಪ್ಪೆಯತ್ತ ಚಾಚಿತು. "ಇಲ್ಲಿ ಹೆಬ್ಬೆಟ್ಟು ಒತ್ತಮ್ಮ."